ಚೊಗರಿನ ಬಣ್ಣದ ವೈನು

ಮೊದಲ ಸಲ ಫ್ರಾನ್ಸಿನ ಕೆಂಪು ವೈನು ಬಾಯಿಗೆ ಹಾಕಿಕೊಂಡಾಗ ನನಗೆ ನೆನಪಾಗಿದ್ದು ನಮ್ಮನೆಯ ಅಡಿಕೆ ಬೇಯಿಸುವ ಹಂಡೆ. ಅಡಿಕೆ ಬೆಂದ ಮೇಲೆ ಉಳಿಯುತ್ತದಲ್ಲ, ಕಡುಗೆಂಪು ನೀರು, ಅದಕ್ಕೆ ಮಲೆನಾಡಲ್ಲಿ ಚೊಗರು ಅಂತೀವಿ. ಬಟ್ಟೆಗೆ ಬಿದ್ದರೆ ಕಲೆ ಹೋಗುವ ಮಾತೇ ಇಲ್ಲ. ಚಿಕ್ಕವನಿದ್ದಾಗ ಅದಕ್ಕೆ ಬೆರಳದ್ದಿ ನೆಕ್ಕಿ, ನಾಲಿಗೆ ಮರಗಟ್ಟಿದ ಹಾಗಾಗಿ, ಮಾತು ಸರಿಯಾಗಿ ಹೊರಡದೆ ಒದ್ದಾಡಿದ್ದೆ. ಈಗ ಲಿಯೋನ್ ಊರಿನ ಬಾಡಿಗೆ ಕೋಣೆಯಲ್ಲಿ ಅದೇ ಬಣ್ಣ, ಅದೇ ಒಗರು. ವ್ಯತ್ಯಾಸ ಇಷ್ಟೇ, ಇದನ್ನು ದುಡ್ಡು ಕೊಟ್ಟು ತಂದಿದ್ದೆ!

ಅದು ಬೋರ್ಡೋ ಸೀಮೆಯ ಮೆದೋಕ್ ಕಡೆಯ ವೈನು, ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿಯದ್ದು, ಇನ್ನೂ ಎಳೆಯದು. ಜೊತೆಗೆ ನಾನು ತಿನ್ನುತ್ತಿದ್ದದ್ದು ಚಟ್ನಿಪುಡಿ ಅನ್ನ. ಖಾರದ ಮೇಲೆ ವೈನು ಬಿದ್ದಿದ್ದೇ ತಡ, ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗಾಯಿತು. ಮಾರನೇ ದಿನ ಆಫೀಸಿನಲ್ಲಿ ಹೇಳಿದರೆ ಪಕ್ಕದ ಸೀಟಿನ ಲಿಯೋನಿನವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ವೈನಿನ ಆಲ್ಕೋಹಾಲು ಖಾರದ ಉರಿಯನ್ನು ಏರಿಸುತ್ತದೆ, ಒಗರೂ ಅದರ ಜೊತೆ ಕೈ ಸೇರಿಸುತ್ತದೆ ಅಂದ.

ಈ ಒಗರನ್ನು ಅವರು ಟ್ಯಾನಿನ್ ಅನ್ನುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಇಳಿಯುವುದು. ಅಡಿಕೆಯಲ್ಲಿರುವುದೂ ಹೆಚ್ಚುಕಮ್ಮಿ ಅದೇ ಜಾತಿಯದ್ದು. ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದ ಹಾಗಾಗುವುದು. ಮಾಂಸವೋ ಚೀಸೋ ಜೊತೆಗಿದ್ದರೆ ಅದರ ಪ್ರೋಟೀನು, ಜಿಡ್ಡು ಬಾಯಿಗಿಂತ ಮೊದಲು ಪೆಟ್ಟು ತಿನ್ನುತ್ತವೆ, ವೈನು ಮೆತ್ತಗಾಗುತ್ತದೆ. ಬೋರ್ಡೋದವರು ಕುರಿಮಾಂಸದ ಜೊತೆ ತಮ್ಮ ವೈನು ಕುಡಿಯುವುದು ಸುಮ್ನೆ ಅಲ್ಲ. ಆದರೆ ನಾನು ಮಾಂಸ ತಿನ್ನುವವನಲ್ಲ, ಬಂದು ಸೇರಿರುವುದು ಹಂದಿಯ ಕರುಳನ್ನೂ ಬಿಡದ ಲಿಯೋನಿಗೆ. ನನ್ನ ಹಣೆಬರಹ ನೋಡಿ.

ಆ ಪಕ್ಕದ ಸೀಟಿನವನೇ ಒಂದು ಸಂಜೆ ಬುಶೋನ್‌ಗೆ ಕರೆದುಕೊಂಡು ಹೋದ. ಬುಶೋನ್ ಅಂದರೆ ಲಿಯೋನಿನ ಹಳೇ ಶೈಲಿಯ ಊಟದ ಮನೆ. ಈ ಊರಿಗೆ ಮೂರು ನದಿ ಅಂತ ಇಲ್ಲಿಯವರ ತಮಾಷೆ: ರೋನ್, ಸೋನ್, ಮತ್ತೆ ಬೋಜೊಲೆ. ಮೂರನೆಯದು ಊರಿನ ಉತ್ತರಕ್ಕಿರುವ ಗುಡ್ಡಗಳ ವೈನು. ಅದು ಬಂದಿದ್ದು 46 ಸೆಂಟಿಲೀಟರಿನ, ತಳ ಬಲು ದಪ್ಪಗಿರುವ ಗಾಜಿನ ಸೀಸೆಯಲ್ಲಿ. ಗ್ಲಾಸು ಮುಟ್ಟಿದರೆ ತಣ್ಣಗಿತ್ತು. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅಂತ ಎಲ್ಲೋ ಓದಿದ್ದೆ. ಬೋಜೊಲೆಗೆ 12ರಿಂದ 14 ಡಿಗ್ರಿ ಸರಿ ಅಂದ.

ಇದು ಗಾಮೆ ಅನ್ನುವ ದ್ರಾಕ್ಷಿಯದ್ದು. ಪಾಪ, ಅದಕ್ಕೆ ಗಡೀಪಾರಿನ ಚರಿತ್ರೆ ಇದೆ. 1395ರಲ್ಲಿ ಪಕ್ಕದ ಬರ್ಗಂಡಿ ಸೀಮೆಯ ದೊರೆ ಫಿಲಿಪ್, ಇದು ಕೆಟ್ಟ ಗಿಡ, ನಿಯತ್ತಿಲ್ಲದ ಗಿಡ, ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ. ಗಿಡಕ್ಕೆ ಎಂಥ ನಿಯತ್ತು ಮಾರಾಯರೇ! ಆದರೂ ದಕ್ಷಿಣದ ಬೋಜೊಲೆಯ ಗ್ರಾನೈಟ್ ನೆಲದಲ್ಲಿ ಅದು ಚೆನ್ನಾಗಿಯೇ ಬಾಳಿತು. ಅಲ್ಲಿ ಗೊಂಚಲನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ, ಹುಳಿಯುವ ಕೆಲಸ ಹಣ್ಣಿನ ಒಳಗೇ ಶುರುವಾಗುತ್ತದೆ. ಹಣ್ಣಿನ ಘಮ ಜಾಸ್ತಿ, ಒಗರು ಕಮ್ಮಿ. ಗ್ಲಾಸಿಗೆ ಮೂಗಿಟ್ಟೆ, ಚೆರ್ರಿ ಅಂದ ಅವನು. ನಾನು ಚೆರ್ರಿ ತಿಂದಿದ್ದೇ ಕೇಕಿನ ಮೇಲೆ. ನನಗೆ ಸಿಕ್ಕಿದ್ದು ನೇರಳೆ ಹಣ್ಣು, ಮಳೆ ಬಿದ್ದ ಮರುದಿನ ಮರದ ಕೆಳಗೆ ಬಿದ್ದಿರುತ್ತದಲ್ಲ, ಆ ವಾಸನೆ. ಹೇಳಿದೆ, ಅವನಿಗೆ ಗೊತ್ತಾಗಲಿಲ್ಲ. ಸರಿಹೋಯಿತು.

ತಿನ್ನಲು ಏನು ತರಿಸಿದ ಗೊತ್ತಾ? ಹೆಸರು ಕೇಳಿ ಎದ್ದು ಹೊರಡಬೇಕೆಂದಿದ್ದೆ. ಸೆರ್ವೆಲ್ ದ ಕಾನ್ಯೂ, ಅಂದರೆ ರೇಷ್ಮೆ ನೇಕಾರನ ಮಿದುಳು! ಬಂದಿದ್ದು ನೋಡಿದರೆ, ಗಟ್ಟಿ ಮೊಸರಿನಂಥ ತಾಜಾ ಚೀಸಿಗೆ ಸಣ್ಣೀರುಳ್ಳಿ, ಬೆಳ್ಳುಳ್ಳಿ, ಹಸಿರು ಸೊಪ್ಪು, ಉಪ್ಪು ಹಾಕಿ ಕಲಸಿದ್ದು. ನಮ್ಮ ಮೊಸರು ಬಜ್ಜಿಯ ದೂರದ ನೆಂಟ. ಬ್ರೆಡ್ಡಿಗೆ ಬಳಿದುಕೊಂಡು ಒಂದು ಕಚ್ಚು, ಒಂದು ಗುಟುಕು. ಇದ್ದ ಚೂರು ಒಗರೂ ಮಾಯ, ಹಣ್ಣು ಮಾತ್ರ ಉಳಿಯಿತು.

ಆಮೇಲೆ ಮನೆಯಲ್ಲಿ ನನ್ನದೇ ಪ್ರಯೋಗ ನಡೆದಿವೆ. ಖಾರ ಕಮ್ಮಿ ಹಾಕಿದ ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಮೊರ್ಗೋನ್ ಹಳ್ಳಿಯ ಬೋಜೊಲೆ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟಿದ್ದು. ಶೇಂಗಾ, ಎಳ್ಳಿನ ಜಿಡ್ಡಿಗೆ ಅದು ಸೊಗಸಾಗಿ ಹೊಂದುತ್ತದೆ. ಸಾರಿನ ಜೊತೆ ಬೇಡ. ಹೋಳಿಗೆ ಜೊತೆಯಂತೂ ಬೇಡವೇ ಬೇಡ, ಸಿಹಿಯ ಮುಂದೆ ವೈನು ಬರೀ ಹುಳಿ ನೀರು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ದ್ರಾಕ್ಷಿ ರಸ ಅಂತಲೇ ಹೇಳಿದ್ದೇನೆ. ಹೆಂಗಿರ್ತದೆ ಅಂತ ಕೇಳಿದಳು. ನೇರಳೆ ಹಣ್ಣಿನ ಹಾಗೆ, ಸ್ವಲ್ಪ ಒಗರು ಅಂದೆ.

"ಉಪ್ಪು ಸವರಿಕೊಂಡು ತಿನ್ನದೇ ಹೋದರೆ ಒಗರದೇ ಇರ್ತದಾ?" ಅಂದಳು.