ಟೆಕ್ಯೋನ್‌ನ ವಾರಸುದಾರರು

1987ರ ಜುಲೈ ತಿಂಗಳಲ್ಲಿ ಕೊರಿಯಾದ ಟೆಕ್ಯೋನ್ ಎಂಬ ಸಮರ ಕಲೆ ತನ್ನ ಇಬ್ಬರು ಆಧಾರಸ್ತಂಭಗಳನ್ನು ಕೆಲವೇ ವಾರಗಳ ಅಂತರದಲ್ಲಿ ಕಳೆದುಕೊಂಡಿತು. ಮೊದಲು ತೀರಿಕೊಂಡವರು ಶಿಷ್ಯ ಶಿನ್ ಹಾನ್‌ಸುಂಗ್. ಅವರಿಗಿನ್ನೂ ಅರವತ್ತು ತುಂಬಿರಲಿಲ್ಲ. ಅವರ ಹಿಂದೆಯೇ ಗುರು ಸೋಂಗ್ ಡೊಕ್‌ಗಿ ಹೋದರು. 1893ರಲ್ಲಿ ಹುಟ್ಟಿದ್ದ ಅವರು ತೊಂಬತ್ತು ದಾಟಿದ್ದರು. ಟೆಕ್ಯೋನ್ ಅನ್ನು ರಾಷ್ಟ್ರದ ಅಮೂರ್ತ ಸಾಂಸ್ಕೃತಿಕ ಆಸ್ತಿಗಳಲ್ಲಿ 76ನೆಯದಾಗಿ ಸೇರಿಸಿಕೊಂಡು, ಈ ಇಬ್ಬರನ್ನೂ ಅದರ ಅಧಿಕೃತ ಧಾರಕರೆಂದು ಕೊರಿಯಾ ಸರ್ಕಾರ ಘೋಷಿಸಿದ್ದು 1983ರ ಜೂನ್‌ನಲ್ಲಿ. ಹೀಗೆ ಆ ಕಲೆಗೆ ಸರ್ಕಾರಿ ಮನ್ನಣೆ ಪಡೆದ ಗುರುಗಳಿದ್ದದ್ದು ನಾಲ್ಕೇ ವರ್ಷ. ಆನಂತರ ಎದ್ದ ಪ್ರಶ್ನೆ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ: ಈಗ ಟೆಕ್ಯೋನ್ ಯಾರದು?

ನಾನು ಮೈಸೂರಿನಲ್ಲಿ ಮಕ್ಕಳಿಗೆ ಟೇಕ್ವಾಂಡೋ ಹೇಳಿಕೊಡುವವನು. ಟೆಕ್ಯೋನ್ ಕಲಿತವನಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ಟೇಕ್ವಾಂಡೋ ತನ್ನ ವಂಶಾವಳಿಯನ್ನು ಹೇಳಿಕೊಳ್ಳುವಾಗ ಮೊದಲು ಹಿಡಿದುಕೊಳ್ಳುವುದೇ ಟೆಕ್ಯೋನ್‌ನ ಕೈಯನ್ನು. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಟೆಕ್ಯೋನ್ ಮೂಲತಃ ಒಂದು ಆಟವೂ ಆಗಿತ್ತು ಎಂಬುದನ್ನು ಮರೆತರೆ ಈ ಇಡೀ ವಿವಾದವೇ ಅರ್ಥವಾಗುವುದಿಲ್ಲ. ಜೊಸೊನ್ ಅರಸರ ಕಾಲದ ಕೊನೆಯಲ್ಲಿ ಸೋಲ್ ನಗರದ ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ, ವಿಶೇಷವಾಗಿ ದಾನೋ ಹಬ್ಬದ ಹೊತ್ತಿಗೆ, ತಂಡ ಕಟ್ಟಿಕೊಂಡು ಎದುರುಬದುರಾಗುತ್ತಿದ್ದರು. ಎದುರಾಳಿಯ ಮುಖಕ್ಕೆ ಕಾಲು ತಾಗಿಸಿದವನು ಇಲ್ಲವೇ ಅವನನ್ನು ಕೆಡವಿದವನು ಗೆದ್ದಂತೆ. ಮೊಣಕಾಲನ್ನು ಸಡಿಲವಾಗಿ ಬಾಗಿಸುತ್ತ, ತ್ರಿಕೋನದ ಮೂರು ಮೂಲೆಗಳನ್ನು ತುಳಿದಂತೆ ಹಿಂದೆ ಮುಂದೆ ತೂಗುವ ಹೆಜ್ಜೆಗೆ ಪುಂಬಾಲ್ಗಿ ಎಂದು ಹೆಸರು. 'ಇಕ್', 'ಎಕ್' ಎಂಬ ಉದ್ಗಾರಗಳೊಂದಿಗೆ ನಡೆಯುವ ಅದನ್ನು ಮೊದಲ ಬಾರಿ ವಿಡಿಯೋದಲ್ಲಿ ನೋಡಿದಾಗ ನನಗೆ ಅದು ಹೊಡೆದಾಟ ಎಂದು ನಂಬುವುದೇ ಕಷ್ಟವಾಗಿತ್ತು, ಅಷ್ಟು ಕುಣಿತದಂತಿತ್ತು. ಚಿತ್ರಕಾರ ಯು ಸುಕ್ ರಚಿಸಿದ್ದೆನ್ನಲಾದ 1846ರ ಒಂದು ಚಿತ್ರದಲ್ಲಿ ಕುಸ್ತಿಯ ಜೋಡಿಯ ಪಕ್ಕದಲ್ಲಿಯೇ ಇಂಥ ಆಟದ ಜೋಡಿಯೊಂದಿದ್ದು, ಸುತ್ತಲೂ ಜನ ಕುಳಿತು ನೋಡುತ್ತಿದ್ದಾರೆ. ಇಂಥ ಆಟದಲ್ಲಿ ಸೊಂಟಪಟ್ಟಿಯ ಬಣ್ಣವೆಲ್ಲಿಂದ ಬರಬೇಕು, ಪ್ರಮಾಣಪತ್ರ ಯಾರು ಕೊಡಬೇಕು? ಚೆನ್ನಾಗಿ ಆಡುವ ಹಿರಿಯರನ್ನು ನೋಡಿ ಹುಡುಗರು ಕಲಿಯುತ್ತಿದ್ದರು. ಹಾಗೆ ಕಲಿತ ಹುಡುಗರಲ್ಲಿ ಒಬ್ಬರು ಸೋಂಗ್. ಇನ್‌ವಾಂಗ್ ಬೆಟ್ಟದ ಬುಡದ ಸಾಜಿಕ್ ಕೇರಿಯ ಸುತ್ತಮುತ್ತ, ಇಮ್ ಹೋ ಎಂಬವರ ಬಳಿ ಅವರ ಕಲಿಕೆ ನಡೆಯಿತು. ಅದೇ ಬೆಟ್ಟದ ಅಂಚಿನ ಹ್ವಾಂಗ್‌ಹಾಕ್‌ಜೊಂಗ್ ಬಿಲ್ಲುಗಾರಿಕೆಯ ಅಂಗಳದಲ್ಲಿ ಅವರು ಬಿಲ್ಲುಗಾರರೂ ಆಗಿದ್ದರು.

1910ರಿಂದ 1945ರವರೆಗಿನ ಜಪಾನಿ ಆಳ್ವಿಕೆಯಲ್ಲಿ ಕೇರಿಗಳ ಆ ಆಟ ನಿಂತುಹೋಯಿತು. ಸ್ವಾತಂತ್ರ್ಯ ಬಂದಾಗ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. 1958ರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಹುಟ್ಟುಹಬ್ಬದ ಸಂದರ್ಭದಲ್ಲಿ ಸೋಂಗ್ ಅದನ್ನು ಪ್ರದರ್ಶಿಸಿದರು. ಆಗ ಅವರಿಗೆ ಅರವತ್ತೈದು ವರ್ಷ.

ಮೊದಲು ಕುಸ್ತಿಪಟುವಾಗಿದ್ದ ಶಿನ್ ಹಾನ್‌ಸುಂಗ್ ಈ ಕಥೆಗೆ ಬರುವುದು ಇಲ್ಲಿಂದ ಮುಂದೆ. ಸೋಂಗ್ ಅವರ ಬಳಿ ಕಲಿತದ್ದಲ್ಲದೆ, ಟೆಕ್ಯೋನ್ ಕಂಡು ಬಲ್ಲ ಇತರ ಮುದುಕರನ್ನೂ ಹುಡುಕಿಕೊಂಡು ಹೋಗಿ ಕೇಳಿ, ಒದೆತಗಳಿಗೆ ಹೆಸರು ಕೊಟ್ಟು, ಪಾಠಗಳ ಕ್ರಮ ಕಟ್ಟಿ, ಒಂಟಿಯಾಗಿ ಅಭ್ಯಾಸ ಮಾಡಬಹುದಾದ ಸರಣಿಗಳನ್ನು ಜೋಡಿಸಿ, ಚುಂಗ್‌ಜು ಎಂಬ ಊರಿನಲ್ಲಿ ಅದನ್ನು ಕಲಿಸಿದವರು ಅವರು. ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗೆ ಕೊರಿಯಾ 1962ರಲ್ಲಿ ಕಾಯ್ದೆ ಮಾಡಿತ್ತು. ಆ ವ್ಯವಸ್ಥೆಯೊಳಗೆ ಒಂದು ಕಲೆ ಪ್ರವೇಶ ಪಡೆಯಬೇಕಾದರೆ ಅದಕ್ಕೊಂದು ನಿಶ್ಚಿತ ರೂಪವಿರಬೇಕು, ಆ ರೂಪವನ್ನು ಹೊತ್ತ ವ್ಯಕ್ತಿಯಿರಬೇಕು, ಅವರ ಕೆಳಗೆ ಶಿಷ್ಯರ ಮೆಟ್ಟಿಲುಗಳಿರಬೇಕು. ಕೇರಿಯ ಆಟಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ. ಶಿನ್ ಅವನ್ನು ಒದಗಿಸಿದರು. ಅವರಿಲ್ಲದಿದ್ದರೆ 1983ರ ಮನ್ನಣೆ ಸಿಗುತ್ತಿತ್ತೆಂದು ನನಗನಿಸುವುದಿಲ್ಲ.

ಇಬ್ಬರೂ ತೀರಿಕೊಂಡ ಮೇಲೆ ಎಂಟು ವರ್ಷ ಆ ಸ್ಥಾನ ಖಾಲಿಯಿತ್ತು. 1995ರಲ್ಲಿ ಶಿನ್ ಅವರ ಶಿಷ್ಯ ಜೊಂಗ್ ಗ್ಯೊಂಗ್‌ಹ್ವಾ ಧಾರಕರಾದರು. ಕಾನೂನಿನ ಪ್ರಕಾರ ಪರಂಪರೆ ಚುಂಗ್‌ಜುವಿನ ದಾರಿಯಲ್ಲಿ ಮುಂದುವರಿಯಿತು. ಆದರೆ ಸೋಂಗ್ ಅವರ ಅಂಗಳಕ್ಕೆ ನೇರವಾಗಿ ಹೋಗಿ ಕಲಿತವರು ಬೇರೆಯೂ ಇದ್ದರು. ಅವರಲ್ಲೊಬ್ಬರಾದ ದೋ ಗಿಹ್ಯೊನ್ ಕೇರಿ ಕೇರಿಗಳ ತಂಡದಾಟವನ್ನೇ ಮುಂದಿಟ್ಟುಕೊಂಡು ಕ್ಯೊಲ್ಯೊನ್ ಟೆಕ್ಯೋನ್ ಎಂಬ ಸಂಘಟನೆ ಕಟ್ಟಿದರು. ಟೇಕ್ವಾಂಡೋ ಹಿನ್ನೆಲೆಯಿಂದ ಬಂದ ಲೀ ಯೊಂಗ್‌ಬೊಕ್ ಟೆಕ್ಯೋನ್ ಅನ್ನು ಸ್ಪರ್ಧಾ ಕ್ರೀಡೆಯಾಗಿ ದೇಶದುದ್ದಕ್ಕೂ ಹರಡಿದರು. ಸೋಲ್‌ನ ಮೇಲಿನ ಕೇರಿಯ ಹೆಸರನ್ನೇ ಇಟ್ಟುಕೊಂಡ ಇನ್ನೊಂದು ಚಿಕ್ಕ ಬಳಗ ಸೋಂಗ್ ತೋರಿಸಿದ್ದನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲು ಶ್ರಮಿಸುತ್ತಿದೆ. ಹೆಜ್ಜೆ ಎಷ್ಟು ಅಗಲವಿರಬೇಕು, ಒದೆತ ತಳ್ಳುವಂತಿರಬೇಕೋ ಬಡಿಯುವಂತಿರಬೇಕೋ, ಕೈಯ ಪಾಲು ಎಷ್ಟು ಎಂಬುದರಲ್ಲೆಲ್ಲ ಇವರ ನಡುವೆ ವ್ಯತ್ಯಾಸವಿದೆ.

ಇದನ್ನು ನೋಡಿ 'ಹಾಗಾದರೆ ನಿಜವಾದದ್ದು ಯಾವುದು' ಎಂದು ಕೇಳುವವರು ಬಹಳ. ಆ ಪ್ರಶ್ನೆಯೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಹದಿನೆಂಟು ವರ್ಷ ಕಲಿಸಿದ ಅನುಭವದಿಂದ ಹೇಳುತ್ತೇನೆ: ನನ್ನ ಬಳಿ ಮೊದಲ ವರ್ಷಗಳಲ್ಲಿ ಕಲಿತವರ ಒದೆತವೂ ಈಚೆಗೆ ಕಲಿತವರ ಒದೆತವೂ ಒಂದೇ ಥರ ಇಲ್ಲ. ಆಗ ನನ್ನ ಸೊಂಟ ಬಾಗುತ್ತಿದ್ದ ರೀತಿ ಬೇರೆ, ಈಗ ಬೇರೆ. ಎತ್ತರದ ಹುಡುಗನಿಗೆ ಹೇಳಿದ್ದನ್ನು ಗಿಡ್ಡ ಹುಡುಗಿಗೆ ಹೇಳಿಲ್ಲ. ಇಳಿವಯಸ್ಸಿನ ಸೋಂಗ್ ಅವರ ಮುಂದೆ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅವಧಿಗೆ, ಬೇರೆ ಬೇರೆ ದೇಹಗಳನ್ನು ಹೊತ್ತು ನಿಂತ ಶಿಷ್ಯರೆಲ್ಲ ಒಂದೇ ಟೆಕ್ಯೋನ್ ಪಡೆದಿರಬೇಕೆಂದು ಯಾಕೆ ಬಯಸಬೇಕು? ಸೋಂಗ್ ಅವರ ಯೌವನದಲ್ಲಿ ಪಕ್ಕದ ಕೇರಿಯವನ ಹೆಜ್ಜೆ ತಮ್ಮ ಹೆಜ್ಜೆಗಿಂತ ಭಿನ್ನವಾಗಿದ್ದಾಗ ಯಾರೂ ಅವನನ್ನು ಸುಳ್ಳು ವಾರಸುದಾರ ಎಂದಿರಲಾರರು. ಒಬ್ಬನೇ ವಾರಸುದಾರ ಬೇಕೆಂಬ ಹಟ ಹುಟ್ಟಿದ್ದು ಕಲೆಯಿಂದಲ್ಲ, ಕಡತದಿಂದ. ಆ ಕಾಯ್ದೆಯನ್ನು ನಾನು ಹಳಿಯುತ್ತಿಲ್ಲ. ಗೌರವಧನ, ತರಬೇತಿ, ದಾಖಲೆ ಇವಿಲ್ಲದೆ ಟೆಕ್ಯೋನ್ ಉಳಿಯುವುದು ಕಷ್ಟವಿತ್ತು. ಆದರೆ ಹೊಣೆ ಹೊರಲು ಒಬ್ಬರನ್ನು ಆರಿಸುವುದು ಒಂದು, ಉಳಿದವರ ಕಲಿಕೆಯೇ ಅಸಲಿಯಲ್ಲ ಎಂದು ಅದರಿಂದ ಅರ್ಥ ತೆಗೆಯುವುದು ಇನ್ನೊಂದು.

ಶಿನ್ ಅವರ ವಿಷಯದಲ್ಲಿ ನನಗೆ ನಿಜಕ್ಕೂ ನೋವಾಗುವುದು ಇಲ್ಲಿಯೇ. ಅವರು ಕಟ್ಟಿದ ಕ್ರಮವನ್ನು ಟೀಕಿಸುವವರು 'ಅದು ಸೋಂಗ್ ಕಲಿಸಿದ್ದಲ್ಲ' ಎನ್ನುತ್ತಾರೆ. ಸಮರ್ಥಿಸುವವರು 'ಎಲ್ಲವೂ ಹಳೆಯದೇ' ಎನ್ನುತ್ತಾರೆ. ಅವರು ಕೆಲವನ್ನು ಪಡೆದರು, ಕೆಲವನ್ನು ಸ್ವತಃ ಕಟ್ಟಿದರು, ಆ ಕಟ್ಟಡ ಅವರದು ಎಂದು ಹೇಳುವುದರಲ್ಲಿ ಅವಮಾನವೇನಿದೆ? ಪರಂಪರೆ ಎಂದರೆ ಒಂದು ಕೊಡದ ನೀರನ್ನು ಹನಿಯೂ ಚೆಲ್ಲದಂತೆ ಇನ್ನೊಂದು ಕೊಡಕ್ಕೆ ಸುರಿಯುವುದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಹೊಸದಾಗಿ ಏನನ್ನಾದರೂ ಸೇರಿಸಿದವನನ್ನು ಕಳ್ಳನೆಂದೋ ಇಲ್ಲವೇ ಬರೀ ಕೊಳವೆಯೆಂದೋ ಕಾಣುತ್ತೇವೆ.

ಟೇಕ್ವಾಂಡೋದವರಾದ ನಮಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 1944ರಲ್ಲಿ ಚುಂಗ್ ದೋ ಕ್ವಾನ್ ಎಂಬ ಶಾಲೆ ತೆರೆದ ಲೀ ವೊನ್‌ಗುಕ್ ಜಪಾನಿನಲ್ಲಿ ಕರಾಟೆ ಕಲಿತು ಬಂದವರು. 1955ರಲ್ಲಿ ಟೇಕ್ವಾಂಡೋ ಎಂಬ ಹೆಸರು ಸೂಚಿಸಿದ ಜನರಲ್ ಚೋಯ್ ಹೊಂಗ್‌ಹಿ ಕೂಡ ಹಾಗೆಯೇ. ಮೂವತ್ತೈದು ವರ್ಷ ಪರರ ಆಳ್ವಿಕೆ ಅನುಭವಿಸಿದ ಜನಕ್ಕೆ ತಮ್ಮ ರಾಷ್ಟ್ರೀಯ ಕಲೆಯ ಗುರುವಿನ ಗುರು ಜಪಾನಿನವನು ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟವಾಗಿದ್ದಿರಬೇಕೆಂದು ಊಹಿಸಬಲ್ಲೆ. ಟೆಕ್ಯೋನ್ ಎಂಬ ಪದದ ಧ್ವನಿಗೆ ಹತ್ತಿರವಾದ ಹೆಸರು ಒಪ್ಪಿಗೆಯಾದದ್ದರ ಹಿಂದೆ ಆ ಸಂಕಟವೂ ಇತ್ತು. ನಂತರದ ದಶಕಗಳಲ್ಲಿ ಎತ್ತರದ, ಚುರುಕಾದ ಒದೆತಗಳಿಂದ ಟೇಕ್ವಾಂಡೋ ತನ್ನದೇ ಆದ ಕಲೆಯಾಗಿ ಬೆಳೆಯಿತು. ಅದಕ್ಕೆ ಎರಡು ಸಾವಿರ ವರ್ಷದ ವಂಶವೃಕ್ಷ ಬೇಕಿರಲಿಲ್ಲ. ಆದರೂ ನಮಗೆ ಅದನ್ನೇ ಕಲಿಸಿದರು, ನಾನೂ ಮಕ್ಕಳಿಗೆ ಅದನ್ನೇ ಕಲಿಸಿದೆ.

ಹೆಸರಿಟ್ಟವರ ವಾರಸುದಾರಿಕೆಯಾದರೂ ಸಲೀಸಾಗಿ ನಡೆಯಿತೇ? 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೋ ಒಕ್ಕೂಟ ಸ್ಥಾಪಿಸಿದ್ದ ಚೋಯ್ 2002ರ ಜೂನ್‌ನಲ್ಲಿ ಪ್ಯೊಂಗ್ಯಾಂಗ್‌ನಲ್ಲಿ ನಿಧನರಾದ ಬಳಿಕ ಒಂದೇ ಹೆಸರಿನ ಮೂರು ಒಕ್ಕೂಟಗಳು ನಿಂತವು. ಒಂದು ಅವರ ಮಗ ಚೋಯ್ ಜುಂಗ್‌ಹ್ವಾ ಅವರದು. ರಕ್ತಸಂಬಂಧವೂ ಪ್ರಶ್ನೆಯನ್ನು ಬಗೆಹರಿಸಲಿಲ್ಲ.

2011ರ ನವೆಂಬರ್‌ನಲ್ಲಿ ಬಾಲಿಯಲ್ಲಿ ನಡೆದ ಸಭೆಯಲ್ಲಿ ಯುನೆಸ್ಕೋ ಟೆಕ್ಯೋನ್ ಅನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿರುವುದು ಕಲೆಯ ಹೆಸರು, ಯಾವುದೇ ವಾರಸುದಾರನ ಹೆಸರಲ್ಲ. ಚುಂಗ್‌ಜುವಿನಲ್ಲಿ ಕಲಿಯುವ ಹುಡುಗನಿಗೂ ಸೋಲ್‌ನ ಬೀದಿಯಲ್ಲಿ ತಂಡದಾಟ ಆಡುವ ಹುಡುಗಿಗೂ ಆ ಗೌರವ ಸಮನಾಗಿ ಸೇರುತ್ತದೆ ಎಂದೇ ನಾನು ಓದಿಕೊಂಡಿದ್ದೇನೆ.

ನಮ್ಮ ತರಗತಿಯ ಗೋಡೆಯ ಮೇಲೆ ಪ್ರಾಚೀನ ಗೋರಿಗಳ ಚಿತ್ರದಿಂದ ಆರಂಭವಾಗಿ ಟೆಕ್ಯೋನ್ ಮೂಲಕ ಟೇಕ್ವಾಂಡೋವರೆಗೆ ಒಂದೇ ಗೆರೆ ಎಳೆದ ಫಲಕವೊಂದಿತ್ತು. ಕಳೆದ ವಾರ ಅದನ್ನು ಇಳಿಸಿದೆ. ಹೊಸದರಲ್ಲಿ ಕರಾಟೆ ಕಲಿತು ಬಂದವರ ಹೆಸರುಗಳಿಂದ ನಮ್ಮ ಗೆರೆ ಹೊರಡುತ್ತದೆ. ಟೆಕ್ಯೋನ್‌ಗೆ ಪಕ್ಕದಲ್ಲಿ ಬೇರೆಯೇ ಜಾಗ ಬಿಟ್ಟಿದ್ದೇನೆ: ಮೇಲೆ ಇಮ್ ಹೋ, ಅವರ ಕೆಳಗೆ ಸೋಂಗ್ ಡೊಕ್‌ಗಿ, ಅಲ್ಲಿಂದ ಕೆಳಕ್ಕೆ ಒಂದೇ ಅಳತೆಯ ಹಲವು ಗೆರೆಗಳು.