ಕೆಂಪು ಗಾರೆ ನೆಲದ ಕಪ್ಪು ಪಟ್ಟಿ

ಹೋದ ತಿಂಗಳು ಚಿಕ್ಕಪ್ಪನ್ನ ಕರ್ಕೊಂಡು ತುಮಕೂರಲ್ಲೇ ಒಂದು ಹೊಸ ಬಿಲ್ಡಿಂಗಿಗೆ ಪೆನ್ಷನ್ ಪೇಪರ್ ಕೆಲಸಕ್ಕೆ ಹೋಗಿದ್ದೆ. ಯಾವ ಆಫೀಸು ಅಂತ ಬರಿಯಲ್ಲ, ಬರೆದ್ರೆ ಎಲ್ರೂ ಅದೊಂದರ ಮೇಲೇ ಬೀಳ್ತೀರ. ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಗ್ಲಾಕೋಮಾ ಆಗಿ ಎರಡೂ ಪಕ್ಕದ ನೋಟ ಹೋಗಿದೆ, ಪೈಪ್ ಒಳಗಿಂದ ನೋಡಿದಂಗೆ ಎದುರಿಗೆ ಒಂಚೂರು ಕಾಣುತ್ತೆ ಅಷ್ಟೇ. ಆದ್ರೂ ಬಿಳಿ ಕೋಲು ಹಿಡ್ಕೊಂಡು ಕ್ಯಾತ್ಸಂದ್ರದಿಂದ ಟೌನ್‌ಹಾಲ್ ಸರ್ಕಲ್‌ವರೆಗೂ ಒಬ್ಬರೇ ಬಸ್ಸಲ್ಲಿ ಬಂದು ಹೋಗೋರು. ಅಂಥವರು ಆ ಬಾಗಿಲು ದಾಟಿದ ತಕ್ಷಣ ನಿಂತುಬಿಟ್ರು. "ಲೋ, ನೀರು ಚೆಲ್ಲಿದ್ಯೇನೋ ಇಲ್ಲಿ?" ಅಂದ್ರು. ನೀರಲ್ಲ, ಬಿಳಿ ಗ್ಲಾಸಿ ಟೈಲ್ಸು, ಗೋಡೆನೂ ಬಿಳಿ, ಮೇಲೆ ಸಾಲಾಗಿ ಎಲ್‌ಇಡಿ. ಹತ್ತು ಹೆಜ್ಜೆ ಆದ್ಮೇಲೆ ಎರಡು ಮೆಟ್ಲು ಇಳಿಯೋದಿತ್ತು, ಅದಕ್ಕೂ ಅದೇ ಟೈಲ್ಸು, ಅಂಚಿಗೆ ಒಂದು ಗೆರೆನೂ ಇಲ್ಲ. ಕೋಲು ಜಾರ್ತು, ಬಿದ್ರು. ಎಂಟು ದಿನ ಮೊಣಕಾಲು ಊದ್ಕೊಂಡು ಮಲಗಿದ್ರು.

ನನಗೆ ನಿದ್ದೆ ಬರದೆ ಇರೋದಕ್ಕೆ ಕಾರಣ ಬೇರೆ. ನಾನು 14 ವರ್ಷದಿಂದ ಇಂಟೀರಿಯರ್, ಟೈಲ್ಸ್ ಕೆಲಸನೇ ಮಾಡಿಸ್ತಿರೋದು, ಬಿ.ಹೆಚ್. ರೋಡ್ ಆಚೆಈಚೆ ಇಂಥವೇ ಎಷ್ಟೋ ನೆಲ ನಾನೇ ಹಾಕಿಸಿದೀನಿ, ಓನರ್ "ರಿಚ್ ಲುಕ್ ಬರಬೇಕು" ಅಂದ್ರೆ ಪಳಪಳ ಹೊಳೆಯೋದನ್ನೇ ತೋರಿಸಿದೀನಿ.

ಇದೇ ಚಿಕ್ಕಪ್ಪ ನಮ್ಮ ಹಳೇ ಮನೇಲಿ ಕೋಲೇ ಇಲ್ದೆ ಓಡಾಡ್ತಾರೆ. ಅಭ್ಯಾಸ ಅನ್ಕೊಂಡಿದ್ದೆ. ಕೇಳಿದ್ರೆ, "ಕೆಂಪು ನೆಲ ಮುಗಿದು ಕಪ್ಪು ಪಟ್ಟಿ ಬಂತು ಅಂದ್ರೆ ಗೋಡೆ ಬಂತು ಅಂತ ಅಲ್ವೇನೋ" ಅಂದ್ರು. ರೆಡ್ ಆಕ್ಸೈಡ್ ನೆಲದ ಸುತ್ತ ನಾಲ್ಕಿಂಚು ಕಪ್ಪು ಬಾರ್ಡರ್, ಅದರಾಚೆ ಸುಣ್ಣದ ಬಿಳಿ ಗೋಡೆ. ಯಾವ ಆರ್ಕಿಟೆಕ್ಟೂ ಇಲ್ದೆ ನಮ್ಮ ಗಾರೆಯವರು ಮಾಡಿಟ್ಟಿದ್ದು. ಕುರುಡು ಅಂದ್ರೆ ಪೂರ್ತಿ ಕತ್ತಲು ಅಂತ ನಾವು ತಿಳ್ಕೊಂಡಿದೀವಿ, ಆದ್ರೆ ದೃಷ್ಟಿದೋಷ ಇರೋರಲ್ಲಿ ಹೆಚ್ಚಿನವರಿಗೆ ಒಂದಿಷ್ಟು ಕಾಣುತ್ತೆ, ಅವರಿಗೆ ಬೇಕಿರೋದು ಬಣ್ಣದ ವ್ಯತ್ಯಾಸ. ಮೆಟ್ಲು ಅಂಚಿಗೆ ಎರಡಿಂಚು ಹಳದಿನೋ ಕಪ್ಪೋ ಪಟ್ಟಿ, ಗಾಜಿನ ಬಾಗಿಲ ಮೇಲೆ ಎದ್ದು ಕಾಣೋ ಗುರುತು, ಹೊಳೆಯದ ಮ್ಯಾಟ್ ಟೈಲ್ಸು. ಏನೂ ಕಾಣದವರಿಗೆ ಕಾಲಿಗೆ ತಗಲೋ ಗುರುತು ಬೇಕು. ಅದಕ್ಕೇ ಅಂತ ಇರೋ, ಮೇಲೆ ಗೆರೆ, ಚುಕ್ಕಿ ಉಬ್ಬಿರೋ ಟೈಲ್ಸ್ ಕಂಡುಹಿಡಿದಿದ್ದು ಜಪಾನಿನ ಸೇಯಿಚಿ ಮಿಯಾಕೆ, 1967ರಲ್ಲಿ ಒಕಾಯಾಮಾದ ಅಂಧರ ಶಾಲೆ ಹತ್ರ ಮೊದಲು ಹಾಕಿದ್ರು. ಉದ್ದ ಗೆರೆ ಇದ್ರೆ ಹೋಗು, ಚುಕ್ಕಿ ಬಂದ್ರೆ ನಿಲ್ಲು, ಇಷ್ಟೇ ಅದರ ಭಾಷೆ. ನಾವು ಅದನ್ನ ಡಿಸೈನ್ ಅನ್ಕೊಂಡು ಎರಡನ್ನೂ ಕಲಸಿ ಹಾಕ್ತೀವಿ, ಮೇಲೆ ಹೂಕುಂಡ ಇಡ್ತೀವಿ.

ಇನ್ನೊಂದು, ಕೋಲು ನೆಲದಲ್ಲಿರೋದನ್ನ ಹೇಳುತ್ತೆ, ಎದೆ ಎತ್ತರದಲ್ಲಿ ಗೋಡೆಯಿಂದ ಚಾಚಿರೋ ಫೈರ್ ಸಿಲಿಂಡರನ್ನ ಹೇಳಲ್ಲ, ಮೆಟ್ಲ ಅಡಿಭಾಗ ಇಳಿಜಾರಾಗಿ ತಲೆ ಮಟ್ಟಕ್ಕೆ ಬಂದಿರೋದನ್ನ ಹೇಳಲ್ಲ, ಹಣೆ ಹೋಗಿ ತಗುಲಿದ ಮೇಲೇನೆ ಗೊತ್ತಾಗೋದು. ಮೆಟ್ಲು ಕೆಳಗೆ ಒಂದು ಕಟ್ಟೆ ಕಟ್ಟಿಬಿಟ್ರೆ ಕೋಲು ಅದಕ್ಕೆ ಮೊದಲು ತಗಲುತ್ತೆ.

ರಾಂಪ್ ವಿಷಯ ಎಲ್ರಿಗೂ ಗೊತ್ತು ಅನ್ಕೊಂಡಿದೀವಿ, ಅದೂ ಗೊತ್ತಿಲ್ಲ. ಲೆಕ್ಕ ಒಂದಕ್ಕೆ ಹನ್ನೆರಡು, ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಉದ್ದ ಬೇಕು. ನಮ್ಮಲ್ಲಿ ಐದಡಿಯಲ್ಲಿ ಮುಗಿಸ್ತಾರೆ, ಅದು ಬೈಕ್ ಹತ್ತಿಸೋಕೆ ಸರಿ, ವೀಲ್‌ಚೇರ್‌ಗಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ವೀಲ್‌ಚೇರಿನವರಿಗೆ ಹೊಸಲೇ ಇಲ್ಲದ ಸಮ ನೆಲ ಬೇಕು, ಕಣ್ಣು ಕಾಣದವರಿಗೆ ಜಾಗ ಬದಲಾಯ್ತು ಅನ್ನೋ ಸುಳಿವು ಬೇಕು. ಹೊಸಲು ತೆಗೆದು ಅಲ್ಲಿ ಒರಟು ಕಲ್ಲಿನ ಪಟ್ಟಿ ಕೂರಿಸಿದ್ರೆ ಇಬ್ಬರಿಗೂ ಆಗುತ್ತೆ. ಒಬ್ಬರನ್ನೇ ಕೇಳಿದ್ರೆ ಇದು ಹೊಳಿಯಲ್ಲ.

ಕಾನೂನು ಇಲ್ಲ ಅಂತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ, ವಿಕಲಚೇತನರು ಓಡಾಡೋಕೆ ಅನುಕೂಲ ಇರಬೇಕು ಅಂತ ಸರ್ಕಾರ ಮಾಡಿರೋ ನಿಯಮ ಪಾಲಿಸದ ಕಟ್ಟಡಕ್ಕೆ ಪ್ಲಾನೂ ಪಾಸ್ ಮಾಡಂಗಿಲ್ಲ, ಕಂಪ್ಲೀಷನ್ ಸರ್ಟಿಫಿಕೇಟೂ ಕೊಡಂಗಿಲ್ಲ. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಕೇಸಲ್ಲಿ, ಬರೀ ಸಲಹೆ ಥರದ ಗೈಡ್‌ಲೈನ್ಸ್ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಹೇಳ್ತು. ಆ ಕೇಸು ಹಾಕಿದವರೇ ದೃಷ್ಟಿದೋಷ ಇರೋರು, 2005ರಿಂದ ಓಡಾಡಿದಾರೆ. ಸೈಟಲ್ಲಿ ನಿಂತಿರೋ ನಮ್ಮಂಥವರಿಗೆ ಮಾತ್ರ ಇದನ್ನ ಯಾರೂ ಹೇಳಲ್ಲ, ನಾವೂ ಕೇಳಲ್ಲ.

ಈಗ ಒಂದು ಕ್ಲಿನಿಕ್ ಕೆಲಸ ಹಿಡಿದಿದೀನಿ. ಮೊನ್ನೆ ಟೈಲ್ಸ್ ಸ್ಯಾಂಪಲ್ ಎಲ್ಲ ನೆಲದ ಮೇಲೆ ಹರಡಿ ಚಿಕ್ಕಪ್ಪನ್ನ ಬರಿಗಾಲಲ್ಲಿ ನಡೆಸಿದೆ. ಎರಡು ಆರಿಸಿದ್ರು. ಆಮೇಲೆ "ಅದ್ಸರಿ, ಚೀಟಿ ಕೊಡೋ ಕೌಂಟರ್ ಎಲ್ಲೈತೆ ಅಂತ ನಂಗೆ ಹೆಂಗೋ ಗೊತ್ತಾಗೋದು?" ಅಂದ್ರು. ಬಾಗಿಲಿಂದ ಕೌಂಟರ್‌ವರೆಗೂ ಕಡುಬೂದು ಒರಟು ಪಟ್ಟಿ ಎಳೆಸ್ತಿದೀನಿ. ಗುರುವಾರ ಟೈಲ್ಸ್ ಕೂರಿಸೋಕೆ ಶುರು. ಅಷ್ಟರೊಳಗೆ ತುಮಕೂರಲ್ಲಿ ವೀಲ್‌ಚೇರ್ ಬಳಸೋರು ಯಾರಾದ್ರೂ ಒಂದು ಸಲ ಬಂದು ಬಾಗಿಲು, ಟಾಯ್ಲೆಟ್ ಅಳತೆ ನೋಡಿ ಹೇಳೋದಾದ್ರೆ ಮೆಸೇಜ್ ಮಾಡಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ.