ಅಪ್ಪನ ವರ್ಗಾವಣೆ, ಫ್ರಾಯ್ಡ್‌ನ ವರ್ಗಾವಣೆ

ಸುಪ್ತ ಮನಸ್ಸಿಗೆ ಆಜ್ಞೆ ಕೊಟ್ಟು ಕೋಟ್ಯಧಿಪತಿಯಾಗುವುದು ಹೇಗೆ ಎಂಬ ವೀಡಿಯೊ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಈ ವಾರ ಮೂರನೆಯ ಸಲ ಬಂದಿದೆ. ಬೆಳಗಿನ ಜಾವ ಎದ್ದು ಕನ್ನಡಿಯ ಮುಂದೆ ನಿಂತು ಇಪ್ಪತ್ತೊಂದು ಬಾರಿ ‘ನಾನು ಶ್ರೀಮಂತ’ ಎನ್ನಬೇಕಂತೆ. ಕೊನೆಯಲ್ಲಿ ಸಾಕ್ಷಿಗೆಂಬಂತೆ, ಮನೋವಿಶ್ಲೇಷಣೆ ಎಂಬ ಮಾತಿನ ಚಿಕಿತ್ಸೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್‌ನ ಗಡ್ಡದ ಚಿತ್ರ ಬೇರೆ. ಪಾಪ, ಆ ಮನುಷ್ಯ ಜೀವಮಾನವಿಡೀ ಹೇಳಿದ್ದು ಇದರ ತದ್ವಿರುದ್ಧ. ಅಹಂ, ಅಂದರೆ ‘ನಾನು’ ಎಂದುಕೊಳ್ಳುವ ನಮ್ಮೊಳಗಿನ ಪಾಲು, ತನ್ನ ಮನೆಯಲ್ಲೇ ತಾನು ಯಜಮಾನನಲ್ಲ ಎಂದು 1917ರಲ್ಲಿ ಬರೆದವನು ಅವನು. ಸುಪ್ತ ಮನಸ್ಸು ನಮ್ಮ ಆಜ್ಞೆಗೆ ಕಾದು ಕೂತಿದೆ ಎಂದು ಅವನ ಬಾಯಿಂದ ಹೇಳಿಸುವವರಿಗೆ ಏನೆನ್ನುವುದು?

ಫ್ರಾಯ್ಡ್ ಎಂದರೆ ನಮ್ಮಲ್ಲಿ ಎರಡೇ ಮಾತು. ಎಲ್ಲದಕ್ಕೂ ಕಾಮವೇ ಮೂಲ ಎಂದವನು, ಮಗ ತಾಯಿಯನ್ನು ಬಯಸುತ್ತಾನೆ ಎಂದವನು. ಅಷ್ಟಕ್ಕೇ ಮೂಗು ಮುರಿದು ಪುಸ್ತಕ ಮುಚ್ಚುತ್ತೇವೆ. ಹಾಗೆ ನೋಡಿದರೆ ಅವನ ಶಾಸ್ತ್ರದ ಎಷ್ಟೋ ಪಾಲು ನಮ್ಮ ಅಜ್ಜಿಯರ ಬಾಯಲ್ಲಿ ಗಾದೆಯಾಗಿ ಓಡಾಡಿಕೊಂಡಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿದ್ದು, ಕುಣಿಯಲಾರದವಳು ನೆಲ ಡೊಂಕು ಎಂದದ್ದು, ಇವೆಲ್ಲ ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯಗಳು. 1936ರಲ್ಲಿ ಅವನ ಮಗಳು ಆನ್ನಾ ಫ್ರಾಯ್ಡ್ ಇಂಥವನ್ನೇ ಒಂದೆಡೆ ಕೂಡಿಸಿ ಪುಸ್ತಕ ಮಾಡಿದಳು. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವನು ಸಿಕ್ಕಿದ್ದರೆ, 1901ರಲ್ಲಿ ಬಾಯಿತಪ್ಪು ಕೈತಪ್ಪುಗಳ ಬಗ್ಗೆ ಬರೆಯುವಾಗ ಫ್ರಾಯ್ಡ್ ಅವನಿಗೆ ಎರಡು ಪುಟವಾದರೂ ಕೊಡುತ್ತಿದ್ದ.

ಗಾದೆಗೆ ಸಿಗದ ಒಂದು ವಿಚಾರವಿದೆ. ನನ್ನ ಮಟ್ಟಿಗೆ ಮನೋವಿಶ್ಲೇಷಣೆಯ ತಿರುಳೇ ಅದು. ಕನ್ನಡದಲ್ಲಿ ಅದನ್ನು ‘ವರ್ಗಾವಣೆ’ ಎನ್ನುತ್ತಾರೆ. ಸರ್ಕಾರಿ ನೌಕರನ ಮಗನಾದ ನನಗೆ ಆ ಪದ ಕೇಳಿದರೆ ಈಗಲೂ ಹೊಟ್ಟೆಯೊಳಗೆ ಒಂದು ಸಣ್ಣ ನಡುಕ.

ಅಪ್ಪನ ವರ್ಗಾವಣೆಯ ಹಿಂದೆ ನಾವು ಹಾಸನ, ಚಳ್ಳಕೆರೆ, ಹೊಸಪೇಟೆ, ಸಿರಸಿ ಎಂದು ಅಲೆದೆವು. ಲಾರಿಯಿಂದ ಸಾಮಾನು ಇಳಿದ ದಿನವೇ ಅಮ್ಮ ಅಡುಗೆಮನೆ ಜೋಡಿಸುತ್ತಿದ್ದಳು. ಒಲೆಯ ಎಡಕ್ಕೆ ಪಾತ್ರೆಯ ಸ್ಟ್ಯಾಂಡು, ಬಲಕ್ಕೆ ನೀರಿನ ಹಂಡೆ, ಬಾಗಿಲ ಹಿಂದೆ ಒನಕೆ. ಸಿರಸಿಯ ಮನೆಯಲ್ಲಿ ಒಲೆಯ ಎಡಕ್ಕೆ ಇದ್ದದ್ದು ಕಿಟಕಿ. ಅಮ್ಮ ಹಿಂದೆಮುಂದೆ ನೋಡದೆ ಕಿಟಕಿಗೆ ಅಡ್ಡವಾಗಿ ಸ್ಟ್ಯಾಂಡು ನಿಲ್ಲಿಸಿದಳು. ಮೂರು ವರ್ಷ ಆ ಮನೆಯಲ್ಲಿ ಹಗಲು ಹೊತ್ತೇ ದೀಪ ಹಾಕಿಕೊಂಡು ಅಡುಗೆ ಮಾಡಿದಳು. ಮನೆ ಕತ್ತಲೆ ಎಂದು ಮಾಲೀಕರನ್ನು ಬೈಯುತ್ತಲೂ ಇದ್ದಳು.

ಫ್ರಾಯ್ಡ್ ಹೇಳುವ ವರ್ಗಾವಣೆ ಇದೇ. ಅವನು ಬಳಸಿದ ಜರ್ಮನ್ ಪದಕ್ಕೂ ಹೊತ್ತು ದಾಟಿಸುವುದು ಎಂಬ ಅರ್ಥವೇ ಇದೆ. ಬಾಲ್ಯದಲ್ಲಿ ತಂದೆತಾಯಿಯರ ಜೊತೆ ಕಟ್ಟಿಕೊಂಡ ಆಸೆ, ಅಂಜಿಕೆ, ಮುನಿಸುಗಳನ್ನು ಮೇಲಧಿಕಾರಿಯ ಮುಂದೆ, ಹೆಂಡತಿಯ ಮುಂದೆ, ವೈದ್ಯರ ಮುಂದೆ ಇದ್ದದ್ದು ಇದ್ದ ಹಾಗೆ ಜೋಡಿಸಿಬಿಡುತ್ತೇವೆ. ಅಲ್ಲಿ ಕಿಟಕಿ ಇದೆಯೇ ಎಂದು ನೋಡುವುದಿಲ್ಲ.

ಐವತ್ತು ದಾಟಿದ ಮೇಲೆ, ನಿದ್ದೆ ಪೂರ್ತಿ ಕೆಟ್ಟಾಗ, ನಾನು ಒಬ್ಬ ಚಿಕಿತ್ಸಕಿಯ ಬಳಿ ಹೋಗತೊಡಗಿದೆ. ವಾರಕ್ಕೊಂದು ದಿನ, ಐವತ್ತು ನಿಮಿಷ. ಫ್ರಾಯ್ಡ್‌ನ ಕಾಲದಲ್ಲಿ ವಾರಕ್ಕೆ ಆರು ದಿನ ಹೋಗಬೇಕಿತ್ತಂತೆ. ನಮಗೆ ಅಷ್ಟು ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಚಿತ್ರಗಳಲ್ಲಿ ಕಾಣುವ ಮಂಚ ಅಲ್ಲಿರಲಿಲ್ಲ, ಎರಡು ಬೆತ್ತದ ಕುರ್ಚಿಗಳಿದ್ದವು. ಆ ಮಂಚದ ಹಿಂದೆ ಮಹಾ ರಹಸ್ಯವೇನೂ ಇರಲಿಲ್ಲ ಬಿಡಿ. ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ದಿಟ್ಟಿಸುವುದನ್ನು ತಡೆಯಲಾರೆ ಎಂದು ಫ್ರಾಯ್ಡನೇ ಒಪ್ಪಿಕೊಂಡಿದ್ದಾನೆ. ರೋಗಿಗೆ ಅವನು ಕೊಡುತ್ತಿದ್ದ ಸೂಚನೆ ಮಾತ್ರ ನನಗೆ ಬಹಳ ಇಷ್ಟ: ರೈಲಿನ ಕಿಟಕಿಯ ಪಕ್ಕ ಕೂತವನು ಹೊರಗೆ ಸರಿಯುವ ನೋಟಗಳನ್ನು ಒಳಗಿರುವವನಿಗೆ ವಿವರಿಸುವ ಹಾಗೆ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗಬೇಕು. ಇದು ಕ್ಷುಲ್ಲಕ, ಇದು ಅಸಹ್ಯ ಎಂದು ಜರಡಿ ಹಿಡಿಯಬಾರದು. ಹೇಳಿದಷ್ಟು ಸುಲಭವಲ್ಲ, ಮಾಡಿ ನೋಡಿ.

ನಾನಂತೂ ಹತ್ತು ನಿಮಿಷ ಮೊದಲೇ ಹೋಗಿ ಹೊರಗಿನ ಮೇಜಿನ ಮೇಲಿನ ಪತ್ರಿಕೆಗಳನ್ನು ಅಂಚು ಸರಿಮಾಡಿ ಜೋಡಿಸಿಡುತ್ತಿದ್ದೆ. ಹೊರಡುವಾಗ ಪ್ರತಿ ವಾರವೂ, “ಮೇಡಂ, ನಿಮಗೆ ಬೇಸರವಾಗಲಿಲ್ಲ ತಾನೆ?” ಎಂದು ಕೇಳುತ್ತಿದ್ದೆ. ಎರಡು ತಿಂಗಳು ನಕ್ಕು ಸುಮ್ಮನಿದ್ದವರು ಒಂದು ದಿನ, “ಬೇಸರವಾದರೆ ನಾನು ಏನು ಮಾಡಿಯೇನು ಅಂದುಕೊಂಡಿದ್ದೀರಿ ಸರ್?” ಎಂದರು.

“ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಡುತ್ತೀರಿ” ಎಂದೆ.

ಅಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಅಪ್ಪ ಹೊಡೆದವರಲ್ಲ, ಬೈದವರೂ ಅಲ್ಲ. ಊಟದ ನಡುವೆ ಯಾವುದೋ ಮಾತು ಹಿಡಿಸದಿದ್ದರೆ ಲೋಟದ ನೀರನ್ನು ಅನ್ನದ ಮೇಲೇ ಸುರಿದು ಕೈ ತೊಳೆದು ಏಳುತ್ತಿದ್ದರು. ಯಾವ ಮಾತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇದು ನನಗೆ ಮರೆತಿತ್ತು ಎಂದೇನಲ್ಲ, ಹತ್ತಾರು ಜನರಿಗೆ ನಗುತ್ತಾ ಹೇಳಿದ್ದೇನೆ. ಆದರೆ ನನಗಿಂತ ಹದಿನೈದು ವರ್ಷ ಚಿಕ್ಕವರಾದ ಒಬ್ಬ ಹೆಣ್ಣುಮಗಳ ಎದುರು ನಾನು ಆ ತಟ್ಟೆಯ ಮುಂದೆಯೇ ಕೂತಿದ್ದೆ ಎನ್ನುವುದು ಗೊತ್ತಿರಲಿಲ್ಲ. ರೋಗಿ ಕೆಲವನ್ನು ನೆನಪಿಸಿಕೊಳ್ಳುವ ಬದಲು ಮತ್ತೆ ಮಾಡಿ ತೋರಿಸುತ್ತಾನೆ ಎಂದು ಫ್ರಾಯ್ಡ್ 1914ರಲ್ಲಿ ಬರೆದ. ಚಿಕಿತ್ಸೆಗೆ ಬೇಕಾದದ್ದೂ ಆ ಮರುಪ್ರದರ್ಶನವೇ. ಕಣ್ಣೆದುರು ನಡೆಯುತ್ತಿರುವುದನ್ನು ಮಾತ್ರ ಕೈಯಿಟ್ಟು ತೋರಿಸಬಹುದು.

ಫ್ರಾಯ್ಡ್ ಇದನ್ನು ಕಲಿತದ್ದು ಸೋತು. 1900ರ ಅಕ್ಟೋಬರಿನಲ್ಲಿ ವಿಯೆನ್ನಾದ ಬೆರ್ಗ್‌ಗಾಸೆ 19ರ ಅವನ ಮನೆಗೆ ಇಡಾ ಬಾವರ್ ಎಂಬ, ಹದಿನೆಂಟರ ಹೊಸ್ತಿಲಲ್ಲಿದ್ದ ಹುಡುಗಿ ಬಂದಳು. ಅವನ ಬರಹದಲ್ಲಿ ಅವಳ ಹೆಸರು ಡೋರಾ. ಅವಳ ತಂದೆಗೆ ಒಬ್ಬ ಸ್ನೇಹಿತನ ಹೆಂಡತಿಯ ಜೊತೆ ಸಂಬಂಧವಿತ್ತು. ಆ ಸ್ನೇಹಿತ ಈ ಹುಡುಗಿಯ ಮೈಮೇಲೆ ಬಿದ್ದಿದ್ದ. ಮನೆಯಲ್ಲಿ ಹೇಳಿದರೆ ಕಟ್ಟುಕತೆ ಎಂದರು. ಫ್ರಾಯ್ಡ್ ಅವಳನ್ನು ನಂಬಿದ, ಅಷ್ಟು ಅವನ ದೊಡ್ಡತನ. ಆಮೇಲೆ, ‘ಒಳಗೊಳಗೆ ನಿನಗೂ ಅವನು ಇಷ್ಟವಿದ್ದ’ ಎಂದು ಪಟ್ಟು ಹಿಡಿದು ಕೂತ. ಅವಳು ಇಲ್ಲ ಎಂದಷ್ಟೂ ಅವನಿಗೆ ಹೌದು ಎಂದೇ ಕೇಳಿಸುತ್ತಿತ್ತು. ಮನೋವಿಶ್ಲೇಷಣೆಯ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಇಲ್ಲ ಎಂಬ ಮಾತಿಗೆ ಬೆಲೆಯೇ ಇಲ್ಲದ ಕೋಣೆಯಲ್ಲಿ ವೈದ್ಯ ಯಾವತ್ತೂ ಸೋಲುವುದಿಲ್ಲ.

ಹನ್ನೊಂದೇ ವಾರ. ಡಿಸೆಂಬರ್ 31ರಂದು ಬಂದವಳೇ, ಇವತ್ತೇ ಕೊನೆ ಎಂದಳು. ಯಾವಾಗ ನಿರ್ಧರಿಸಿದೆ ಎಂದು ಕೇಳಿದರೆ, ಹದಿನೈದು ದಿನವಾಯಿತು ಎಂದಳು. ಮನೆಗೆಲಸದವರು ಕೆಲಸ ಬಿಡುವ ಮುಂಚೆ ಹೇಳುವ ಗಡುವು ಅದು ಎಂದು ಅವನಿಗೆ ಅಲ್ಲೇ ಹೊಳೆಯಿತು. ಆ ಸ್ನೇಹಿತನ ಮೇಲಿನ ಸೇಡನ್ನು ಅವಳು ವೈದ್ಯನಾದ ತನ್ನ ಮೇಲೆ ತೀರಿಸಿಕೊಂಡಳು, ವರ್ಗಾವಣೆಯನ್ನು ತಾನು ಸಕಾಲದಲ್ಲಿ ಹಿಡಿಯಲಿಲ್ಲ ಎಂದು 1905ರಲ್ಲಿ ಪ್ರಕಟಿಸಿದ ಬರಹದ ಕೊನೆಗೆ ಒಪ್ಪಿಕೊಂಡ. ಸೋತ ಪ್ರಕರಣವನ್ನೇ ಅಚ್ಚು ಹಾಕಿಸಿದವನ ಎದೆಗಾರಿಕೆ ಮೆಚ್ಚಬೇಕು. ಇಷ್ಟಾದರೂ ತನ್ನ ಮನಸ್ಸು ಆ ಹುಡುಗಿಯ ಮೇಲೆ ಏನನ್ನು ಹೊರಿಸಿತು ಎಂದು ಅವನು ಕೇಳಿಕೊಂಡಂತೆ ಕಾಣುವುದಿಲ್ಲ. ವೈದ್ಯನಿಗೂ ಪ್ರತಿವರ್ಗಾವಣೆ ಎಂಬುದುಂಟು ಎಂದು ಬರೆಯಲು 1910 ಬರಬೇಕಾಯಿತು.

ಅವನ ಮಾತನ್ನೆಲ್ಲ ವೇದವಾಕ್ಯ ಎಂದುಕೊಳ್ಳದವರು ನಮ್ಮ ದೇಶದಲ್ಲೇ ಇದ್ದರು. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸರು, ಮಗ ತಾಯಿಯನ್ನು ಬಯಸುತ್ತಾನೆ ಎಂಬ ಆ ಈಡಿಪಸ್ ವಿಚಾರದಲ್ಲಿ ನನ್ನ ಅನುಭವ ಬೇರೆ ಎಂದು ಪತ್ರ ಬರೆದೇ ವಾದಿಸಿದರು. 1931ರಲ್ಲಿ ಫ್ರಾಯ್ಡ್‌ಗೆ ಎಪ್ಪತ್ತೈದು ತುಂಬಿದಾಗ ಆ ಸಂಘದವರು ಕಳುಹಿಸಿದ ಉಡುಗೊರೆ ದಂತದ ವಿಷ್ಣುವಿಗ್ರಹ. ಜಗಳವೂ ಇರಲಿ, ಮರ್ಯಾದೆಯೂ ಇರಲಿ ಎಂಬ ಈ ರೀತಿ ನನಗೆ ಹಿಡಿಸಿತು.

ನನ್ನ ಕತೆಗೆ ಬರುತ್ತೇನೆ. ಮೊನ್ನೆ ಮೇಡಂ ಮೂರು ವಾರ ರಜೆ ಹಾಕಿದರು. ಮರಳಿ ಬಂದ ಮೊದಲ ವಾರದ ಭೇಟಿಯನ್ನು ನಾನು ಮರೆತೆ, ಹೌದು, ‘ಮರೆತೆ’. ಹೋಗದ ಆ ದಿನಕ್ಕೂ ಅವರು ಶುಲ್ಕ ಹಾಕಿದರು. ಗಂಟೆಯನ್ನು ಗುತ್ತಿಗೆಗೆ ಕೊಟ್ಟ ಹಾಗೆ, ಬಂದರೂ ಬಾರದಿದ್ದರೂ ಹಣ ಕೊಡಬೇಕು ಎಂಬುದು 1913ರಲ್ಲಿ ಫ್ರಾಯ್ಡ್ ಬರೆದಿಟ್ಟ ನಿಯಮ; ಓದುವಾಗ ನ್ಯಾಯವಾಗಿಯೇ ಕಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ಇದು ಅನ್ಯಾಯ ಎಂದು ದನಿ ಏರಿಸಿದೆ. ಬಹುಶಃ ಬೆಳೆದ ಮೇಲೆ ಮೊದಲ ಸಲ. ಅವರು ಎದ್ದು ಹೋಗಲಿಲ್ಲ. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, “ಹೇಳಿ ಸರ್” ಎಂದರು.

ಶುಲ್ಕ ಮಾತ್ರ ಬಿಡಲಿಲ್ಲ. ಈ ವಾರ ಹತ್ತು ನಿಮಿಷ ತಡವಾಗಿ ಹೋದೆ. ಹೊರಗಿನ ಮೇಜಿನ ಮೇಲೆ ಪತ್ರಿಕೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.